ಪೆಟ್ರೋನಿಲ್ಲಾ ಬಿತ್ತಿದ ಸೌತೆ

ಮೀಂಜದ ಆ ಬೈಲಿನಲ್ಲಿ ಡ್ಯಾನಿಯಲ್ ಡಿಸೋಜನಿಗೆ ಕೈಗುಣ ಉಂಟೆಂದು ಎಲ್ಲರೂ ಒಪ್ಪಿದ್ದರು. ಅವನು ಊರಿದ ಬೀಜ ಹುಸಿಹೋಗುತ್ತಿರಲಿಲ್ಲ. ಅವನ ಹೆಂಡತಿ ಪೆಟ್ರೋನಿಲ್ಲಾಗೆ ಕೈಗುಣ ಇಲ್ಲವೆಂಬುದನ್ನೂ ಎಲ್ಲರೂ ಒಪ್ಪಿದ್ದರು. ಎಲ್ಲರಿಗಿಂತ ಮೊದಲು ಒಪ್ಪಿದವಳು ಪೆಟ್ರೋನಿಲ್ಲಾಳೇ.

ಅವಳು ಬೋವಿಕಾನದ ಪೇಟೆಯ ಹುಡುಗಿ, ದರ್ಜಿಯ ಮಗಳು. ಮನೆಯ ಹಿಂದೆ ಒಂದು ಬಸಳೆ ಚಪ್ಪರ ಇದ್ದದ್ದು ಬಿಟ್ಟರೆ ಬೇರೆ ಕೃಷಿ ಕಂಡವಳಲ್ಲ. ಮದುವೆಯಾಗಿ ಬಂದ ವರ್ಷ ಅತ್ತೆ ಒಂದು ಹಿಡಿ ಚೀನಿಕಾಯಿ, ಎಂದರೆ ಸಿಹಿಗುಂಬಳದ ಬೀಜ ಅಂಗೈಗೆ ಸುರಿದು, ದನದ ಹಟ್ಟಿಯ ಹಿಂದೆ ಹಾಕು ಎಂದಿದ್ದರು. ಹೊಸ ಸೊಸೆ ಹಾಕಿದಳು, ದಿನವೂ ನೀರೆರೆದಳು, ಬಗ್ಗಿ ಬಗ್ಗಿ ನೋಡಿದಳು. ಒಂದೂ ಹುಟ್ಟಲಿಲ್ಲ. ಅತ್ತೆ ಕೆಟ್ಟ ಹೆಂಗಸೇನಲ್ಲ. "ನಿನ್ನ ಕೈ ಒಲೆಗೆ ಒಳ್ಳೇದು ಮಗಾ, ಮಣ್ಣಿಗಲ್ಲ" ಎಂದು ನಕ್ಕು ಸುಮ್ಮನಾದರು. ಆ ಮಾತು ಮನೆಯಲ್ಲಿ ಉಳಿದುಬಿಟ್ಟಿತು. ಅತ್ತೆ ತೀರಿಕೊಂಡ ಮೇಲೂ ಉಳಿಯಿತು.

ಹಾಗಾಗಿ ಪೆಟ್ರೋನಿಲ್ಲಾ ಗದ್ದೆಯ ಎಲ್ಲ ಕೆಲಸ ಮಾಡಿದಳು, ಬೀಜ ಹಾಕುವುದೊಂದನ್ನು ಬಿಟ್ಟು. ಗೊಬ್ಬರ ಹೊತ್ತಳು, ನೀರು ಬಿಟ್ಟಳು, ಕಳೆ ಕಿತ್ತಳು, ಹುಳ ಹೆಕ್ಕಿದಳು, ಕೊಯ್ದಳು. ಸುಗ್ಗಿಯ ಬೆಳೆ ಕೊಯ್ದು ಗದ್ದೆ ಖಾಲಿಯಾದ ಮೇಲೆ, ಮಾವಿನ ಹೂವಿನ ವಾಸನೆ ಅಂಗಳಕ್ಕೆ ಬರತೊಡಗಿದಾಗ, ಒಂದು ದಿನ ಡ್ಯಾನಿಯಲ್ ಮುಂಜಾನೆಯೇ ಎದ್ದು ಬೂದಿಯಲ್ಲಿ ಇಟ್ಟ ಬೀಜದ ಬಾಟಲಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಒಬ್ಬನೇ ಗದ್ದೆಗೆ ಇಳಿಯುತ್ತಿದ್ದ. ಅವಳು ಅಡುಗೆಮನೆಯಲ್ಲಿ ಗಂಜಿಗೆ ನೀರಿಡುತ್ತಿದ್ದಳು. ಬಿಸಿಲೇರುವಾಗ ಅವನು ಮೊಣಕೈವರೆಗೆ ಮಣ್ಣು ಮಾಡಿಕೊಂಡು, ತುಟಿಯಲ್ಲಿ ಸಿಳ್ಳೆ ಹಾಕುತ್ತ ಹಿಂತಿರುಗುವನು. ವರ್ಷದ ಬೇರೆ ಯಾವ ದಿನವೂ, ಕ್ರಿಸ್ಮಸ್‌ಗೂ ಕೂಡ, ಅವನ ಮುಖ ಅಷ್ಟು ಹಗುರವಾಗಿರುತ್ತಿರಲಿಲ್ಲ. ಪೆಟ್ರೋನಿಲ್ಲಾ ಗಂಜಿ ಬಡಿಸುತ್ತಿದ್ದಳು. ಗದ್ದೆಯಲ್ಲಿ ಅವನಿಗೆ ಏನು ಸಿಗುತ್ತದೆ ಎಂದು ಅವಳು ಕೇಳಿದ್ದಿಲ್ಲ.

ಕಳೆದ ಮಳೆಗಾಲದಲ್ಲಿ ಡ್ಯಾನಿಯಲ್‌ಗೆ ಪಾರ್ಶ್ವವಾಯು ಬಡಿಯಿತು. ಜೀವಕ್ಕೆ ಅಪಾಯವಾಗಲಿಲ್ಲ. ಬಲಗಾಲು ಎಳೆಯುತ್ತಿತ್ತು, ಬಲಗೈ ಮಡಿಲಲ್ಲಿ ಬಿದ್ದುಕೊಂಡಿರುತ್ತಿತ್ತು, ಮಾತು ದಪ್ಪಗಾಗಿ ಒಂದೊಂದೇ ಶಬ್ದ ಹೊರಗೆ ಬರುತ್ತಿತ್ತು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ಹರಿಣಾಕ್ಷಿ ಬಂದಾಗಲೆಲ್ಲ ಒಂದು ಬಟ್ಟಲು ಹುಣಸೆಬೀಜ ಮುಂದಿಟ್ಟು, "ಒಂದೊಂದೇ ಹೆಕ್ಕಿ ಈ ಪಾತ್ರೆಗೆ ಹಾಕಿ ಪೊರ್ಬುಗಳೇ, ಬೆರಳಿಗೆ ಶಕ್ತಿ ಬರ್ತದೆ" ಎನ್ನುವಳು. ಕ್ರೈಸ್ತ ಗಂಡಸರನ್ನು ಪೊರ್ಬುಗಳೆಂದೂ ಹೆಂಗಸರನ್ನು ಬಾಯಮ್ಮ ಎಂದೂ ಕರೆಯುವುದು ಆ ಊರಿನ ವಾಡಿಕೆ. ಅವಳಿದ್ದಷ್ಟು ಹೊತ್ತು ಅವನು ಹೆಕ್ಕುವನು. ಅವಳು ಗೇಟು ದಾಟಿದ ಕೂಡಲೇ ಬಟ್ಟಲನ್ನು ಎಡಗೈಯಿಂದ ದೂರ ತಳ್ಳುವನು.

"ಮಕ್ಕಳ ಆಟ" ಎನ್ನುವನು.

ಆ ವರ್ಷ ಭತ್ತದ ಬೆಳೆಯನ್ನು ಬೇರೆಯವರಿಗೆ ಪಾಲಿಗೆ ಕೊಟ್ಟಿದ್ದರು. ಜನವರಿಯಲ್ಲಿ ಅವರು ಕೊಯ್ದುಕೊಂಡು ಹೋದ ಮೇಲೆ ಗದ್ದೆ ಬರಿದಾಗಿ, ಕೂಳೆ ಒಣಗಿ, ಜಗಲಿಯಿಂದ ನೋಡಿದರೆ ಬೋಳುತಲೆಯಂತೆ ಕಾಣುತ್ತಿತ್ತು. ಡ್ಯಾನಿಯಲ್ ಒಂದೆರಡು ದಿನ ನೋಡಿದ. ಆಮೇಲೆ ತನ್ನ ಕುರ್ಚಿಯನ್ನು ರಸ್ತೆಯ ಕಡೆಗೆ ತಿರುಗಿಸಿ ಹಾಕಿಸಿಕೊಂಡ.

ಮಗ ಎಲ್ರೊಯ್ ವಯರಿಂಗ್ ಕೆಲಸದವನು, ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಸೊಸೆ ನೀತಾ ಜನರ ಸರಕಾರಿ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಒಂದು ಸಂಜೆ ಅವಳು ಕೃಷಿಭವನದಲ್ಲಿ ಹಂಚುತ್ತಿದ್ದ ತರಕಾರಿ ಬೀಜದ ಪೊಟ್ಟಣ ತಂದು ಊಟದ ಮೇಜಿನ ಮೇಲಿಟ್ಟಳು.

"ಮಾಂಯ್, ಈ ಸಲ ನೀವೇ ಹಾಕಿ" ಎಂದಳು. ಅತ್ತೆಯನ್ನು ಅವಳು ಕರೆಯುತ್ತಿದ್ದದ್ದೇ ಹಾಗೆ.

"ನಾನಾ? ನನ್ನ ಕೈ ಗೊತ್ತುಂಟಲ್ಲ ನಿಂಗೆ? ಒಂದೂ ಹುಟ್ಟುದಿಲ್ಲ."

"ಕೈಯಲ್ಲಿ ಎಂತ ಉಂಟು ಮಾಂಯ್? ಬೀಜಕ್ಕೆ ಯಾರ ಕೈ ಅಂತ ಹೇಗೆ ಗೊತ್ತಾಗ್ತದೆ?"

ಪೆಟ್ರೋನಿಲ್ಲಾ ಬೇಡವೆನ್ನಲು ಬಾಯಿ ತೆರೆದವಳೇ ಗಂಡನ ಕಡೆ ನೋಡಿದಳು. ಡ್ಯಾನಿಯಲ್ ನಗುತ್ತಿದ್ದ. ಮಳೆಗಾಲದಿಂದ ಈಚೆಗೆ ಅವನು ನಕ್ಕದ್ದೇ ಕಡಿಮೆ. ಆ ನಗು ಮುಖದ ಒಂದೇ ಬದಿಗೆ ಏರಿ ಅಲ್ಲೇ ನಿಂತಿತು.

"ಇವಳಾ?" ಎಂದ.

ಪೆಟ್ರೋನಿಲ್ಲಾ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಎತ್ತಿಕೊಂಡು ಹೋದಳು. ಮರುದಿನ ಬೆಳಿಗ್ಗೆ ನೀತಾ ಹಲ್ಲುಜ್ಜುತ್ತ ಹಿತ್ತಿಲಿಗೆ ಬಂದಾಗ ಅತ್ತೆ ಸೀರೆಯನ್ನು ಎತ್ತಿ ಕಟ್ಟಿ, ಹಾರೆ ಹಿಡಿದು ಗದ್ದೆಯ ನಡುವೆ ನಿಂತಿದ್ದಳು.

ಅಗೆಯುವುದು ಅವಳಿಗೆ ಹೊಸದಲ್ಲ. ಕೂಳೆ ಕಿತ್ತು ರಾಶಿ ಹಾಕಿ, ಒಣ ಎಲೆಯ ಜೊತೆ ಮಣ್ಣು ಸೇರಿಸಿ ಬೆಂಕಿ ಕೊಟ್ಟು ಸುಡುಮಣ್ಣು ಮಾಡಿದಳು. ಹಟ್ಟಿಗೊಬ್ಬರ ಹೊತ್ತು ಹಾಕಿದಳು. ಸೌತೆಗೆ ಗುಂಡಿ ತೋಡಿದಳು, ಅಲಸಂಡೆಗೆ ಸಾಲು ಎಳೆದಳು. ಪಕ್ಕದ ಗದ್ದೆಯ ಸುಬ್ಬಲಕ್ಷ್ಮಿಯಮ್ಮ ಎರಡು ಗದ್ದೆಗಳ ನಡುವಿನ ಬದುವಾದ ಕಟ್ಟಪುಣಿಯ ಮೇಲೆ ನಿಂತು ನೋಡಿದರು. ಅವರು ಈ ಬೈಲಿನ ಹಳೇ ಕೃಷಿಕರ ಮನೆಯವರು, ತಮ್ಮ ಗಂಡನಿಗಿಂತ ಹೆಚ್ಚು ಗದ್ದೆ ಕಂಡವರು.

"ಎಂತ ಬಾಯಮ್ಮ, ಈ ಸಲ ನಿಮ್ಮದೇ ಯಜಮಾನಿಕೆಯಾ?"

"ಹೌದಕ್ಕ. ನೋಡುವ. ದೇವರಿದ್ದಾನೆ."

ಬೀಜ ಹಾಕುವ ಹಿಂದಿನ ಸಂಜೆ ಅವಳು ನೀತಾ ತಂದ ಪೊಟ್ಟಣದ ಸೌತೆಯ ಬೀಜವನ್ನು ನೀರಲ್ಲಿ ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಳು. ಡ್ಯಾನಿಯಲ್‌ನ ಬಿತ್ತನೆಯ ಕೆಲಸ ಅಷ್ಟರ ಮಟ್ಟಿಗೆ ಮನೆಯೊಳಗೇ ನಡೆಯುತ್ತಿದ್ದುದರಿಂದ ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಗಂಜಿಗೆ ಅಕ್ಕಿ ಹಾಕಿ, ಬೆಂಕಿ ಸಣ್ಣ ಮಾಡಿ, ಆ ಗಂಟನ್ನೂ ಗಂಡ ಹಿಂದಿನ ವರ್ಷ ಬೂದಿಯಲ್ಲಿಟ್ಟಿದ್ದ ಅಲಸಂಡೆಯ ಬಾಟಲಿಯನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು. ಜಗಲಿಯಲ್ಲಿ ಡ್ಯಾನಿಯಲ್ ರಸ್ತೆಯ ಕಡೆಗೇ ಮುಖ ಮಾಡಿ ಕೂತಿದ್ದ.

ಗದ್ದೆಯಲ್ಲಿ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಪೆಟ್ರೋನಿಲ್ಲಾ ಮೊದಲ ಗುಂಡಿಯ ಮುಂದೆ ಮೊಣಕಾಲೂರಿ ಕೂತು ಶಿಲುಬೆಯ ಗುರುತು ಮಾಡಿದಳು. ಬಟ್ಟೆಯ ಗಂಟು ಬಿಚ್ಚಿದಳು. ಸೌತೆಯ ಬೀಜಗಳ ತುದಿ ಕೂದಲೆಳೆಯಷ್ಟು ಬಿರಿದಿತ್ತು. ಕೆಲವಕ್ಕೆ ಬಿಳಿ ಮೂಗಿನಂಥದ್ದು ಹೊರಗೆ ಬಂದಿತ್ತು. ಅಯ್ಯೋ, ಇವು ಆಗಲೇ ಹೊರಟುಬಿಟ್ಟಿವೆ ಎಂದುಕೊಂಡಳು. ತಾನು ಹುಟ್ಟಿಸಬೇಕಾದ್ದು ಏನೂ ಇಲ್ಲ, ಇವುಗಳಿಗೆ ಜಾಗ ತೋರಿಸಿದರೆ ಸಾಕು ಎಂದು ಅನಿಸಿ ಅವಳ ಹೆದರಿಕೆ ಅರ್ಧ ಇಳಿಯಿತು.

ಮಣ್ಣು ಮೇಲೆ ತಂಪಾಗಿತ್ತು, ಬೆರಳು ಒಳಗೆ ಹೋದಂತೆ ನಿನ್ನೆಯ ಬಿಸಿಲು ಅಲ್ಲಿ ಇನ್ನೂ ಬೆಚ್ಚಗೆ ಉಳಿದಿತ್ತು. ಸುಡುಮಣ್ಣಿನ ಹೊಗೆವಾಸನೆ, ಗೊಬ್ಬರದ ವಾಸನೆ, ಎಲ್ಲಿಂದಲೋ ಗೇರುಹೂವಿನ ಘಾಟು. ಅವಳು ಬೆರಳನ್ನು ಬುಡದವರೆಗೆ ಊರಿ ತೂತು ಮಾಡಿ, ಒಂದೊಂದು ಬೀಜವನ್ನು ಇಳಿಬಿಟ್ಟು, ಮಣ್ಣು ಎಳೆದು, ಮಗುವಿಗೆ ಹೊದಿಸಿದಂತೆ ತಟ್ಟಿದಳು. ಈಚಿನ ವರ್ಷಗಳಲ್ಲಿ ಬೈಲಿಗೆ ನವಿಲು ಹೆಚ್ಚಾಗಿತ್ತು. ಅವುಗಳ ಕಣ್ಣಿಗೆ ಬೀಳದಿರಲೆಂದು ಇನ್ನಷ್ಟು ಮಣ್ಣು ಹಾಕಿದಳು. ಎರಡನೇ ಗುಂಡಿ, ಮೂರನೇ ಗುಂಡಿ. ಸ್ವಲ್ಪ ಹೊತ್ತಿನಲ್ಲಿ ಕೈ ತಾನೇ ನಡೆಯತೊಡಗಿತು. ಅಲಸಂಡೆಯ ಬೀಜ ಬಾಟಲಿಯಿಂದ ಅಂಗೈಗೆ ಸುರಿದಾಗ ಬೂದಿಯೊಳಗಿಂದ ಕಂದುಗೆಂಪಾಗಿ, ನುಣ್ಣಗೆ, ಹೊಸದಾಗಿ ಹೊಳೆದವು. ಅವಳು ಅವನ್ನು ಮುಷ್ಟಿಯಲ್ಲಿ ಅಲ್ಲಾಡಿಸಿ ಸದ್ದು ಕೇಳಿದಳು. ಯಾರಾದರೂ ನೋಡಿದರೋ ಎಂದು ಸುತ್ತ ನೋಡಿ, ಇನ್ನೊಮ್ಮೆ ಅಲ್ಲಾಡಿಸಿದಳು.

ಗಂಡ ಸಿಳ್ಳೆ ಹಾಕುತ್ತ ಬರುತ್ತಿದ್ದದ್ದು ಯಾಕೆಂದು ಅವಳಿಗೆ ಆ ಬೆಳಿಗ್ಗೆ ತಿಳಿಯಿತು. ಸಿಟ್ಟೂ ಬಂತು. ಇಷ್ಟು ಸುಖವನ್ನು ಒಬ್ಬನೇ ಇಟ್ಟುಕೊಂಡನಲ್ಲ!

ಮನೆಗೆ ಬಂದರೆ ಗಂಜಿ ಸೀದು ಪಾತ್ರೆಯ ತಳ ಕಪ್ಪಾಗಿತ್ತು. ಅವಳ ಕೈಯಲ್ಲಿ ಗಂಜಿ ಸೀದದ್ದನ್ನು ಆ ಮನೆ ಕಂಡಿರಲಿಲ್ಲ. ಡ್ಯಾನಿಯಲ್ ಎಡಗೈಯಲ್ಲಿ ಚಮಚ ಹಿಡಿದು ಒಂದು ಗುಟುಕು ಕುಡಿದು, ಹೆಂಡತಿಯ ಮಣ್ಣಾದ ಕೈ ನೋಡಿ, ಉಳಿದದ್ದನ್ನೂ ಕುಡಿದ.

ಆಮೇಲೆ ಕಾಯುವ ಕೆಲಸ. ಪೆಟ್ರೋನಿಲ್ಲಾ ಬೆಳಿಗ್ಗೆ ನೀರೆರೆದಳು, ಸಂಜೆ ನೀರೆರೆದಳು, ಮಧ್ಯಾಹ್ನ ಬಿಸಿಲು ಜೋರಾಯಿತೆಂದು ಆಗಲೂ ಒಂದಿಷ್ಟು ಎರೆದಳು. ಪಕ್ಕದಲ್ಲಿ ಸುಬ್ಬಲಕ್ಷ್ಮಿಯಮ್ಮ ಅವಳ ನಂತರ ಹಾಕಿದ ಸೌತೆ ಎರಡೆಲೆ ಬಿಚ್ಚಿ ನಿಂತಿತು. ಇವಳ ಗದ್ದೆಯಲ್ಲಿ ಅಲಸಂಡೆಯ ಒಂದೆರಡು ಸೊಟ್ಟ ತಲೆಗಳು ಮೇಲೆ ಬಂದದ್ದು ಬಿಟ್ಟರೆ ಮಣ್ಣು ಮಣ್ಣಾಗಿಯೇ ಇತ್ತು.

ಡ್ಯಾನಿಯಲ್ ಈಗ ಕುರ್ಚಿಯನ್ನು ಗದ್ದೆಯ ಕಡೆಗೆ ತಿರುಗಿಸಿಕೊಂಡಿದ್ದ. ಅದನ್ನು ಯಾರೂ ಎತ್ತಿ ಆಡಲಿಲ್ಲ.

"ಬಂತಾ?" ಎಂದು ಕೇಳುವನು.

"ಬರ್ತಾ ಉಂಟು" ಎಂದು ಅವಳು ಒಳಗೆ ಹೋಗುವಳು.

ಒಂದು ಭಾನುವಾರ ಚರ್ಚಿನ ಪೂಜೆಗೆ ಹೋಗಿ ಬಂದವಳು ಇಗರ್ಜಿಯ ಸೀರೆಯಲ್ಲೇ ಗದ್ದೆಗೆ ಇಳಿದಳು. ಗುಂಡಿಯಿಂದ ಗುಂಡಿಗೆ ನಡೆದು ನೋಡಿದಳು. ಆಮೇಲೆ ಕಟ್ಟಪುಣಿಯ ಮೇಲೆ ಕೂತು, ಕೈಗಳೆರಡನ್ನೂ ಮಡಿಲಲ್ಲಿ ಮಗುಚಿ ಹಾಕಿ ನೋಡುತ್ತ ಉಳಿದಳು. ಅಳು ಬರಲಿಲ್ಲ. ಅತ್ತೆ ಹೇಳಿದ್ದು ನಿಜವೇ ಎಂದುಕೊಂಡಳು. ಅಷ್ಟು ಸಂತೋಷ ಪಟ್ಟದ್ದಕ್ಕೆ ನಾಚಿಕೆಯಾಯಿತು.

ಜಗಲಿಯಲ್ಲಿ ಡ್ಯಾನಿಯಲ್ ಎದ್ದು ನಿಂತ. ಕೋಲು ತೆಗೆದುಕೊಂಡ. ಮಳೆಗಾಲದಿಂದ ಅವನು ಅಂಗಳ ದಾಟಿರಲಿಲ್ಲ. ನೀತಾ ಅಡುಗೆಮನೆಯಿಂದ ನೋಡಿ ಓಡಿ ಬಂದಳು.

"ಮಾಂವ್, ಎಲ್ಲಿಗೆ? ನಿಲ್ಲಿ, ಎಲ್ರೊಯ್‌ನ ಕರೀತೇನೆ."

"ಬೇಡ" ಎಂದ ಅವಳ ಮಾವ. ಬಲಗಾಲು ಎಳೆಯುತ್ತ ಮೆಟ್ಟಿಲು ಇಳಿದ. ಕಟ್ಟಪುಣಿ ಸಪೂರವಾಗಿತ್ತು. ಅದರ ಮೇಲೆ ಕೋಲೂರಿ, ನಿಂತು, ಮತ್ತೆ ಕೋಲೂರಿ ಬಂದ. ಹಿಂದಿನಿಂದ ನೀತಾ ಎರಡೂ ಕೈ ಚಾಚಿಕೊಂಡು, ಮುಟ್ಟದೆ, ಉಸಿರು ಹಿಡಿದು ನಡೆದಳು.

ಪೆಟ್ರೋನಿಲ್ಲಾ ತಿರುಗಿ ನೋಡಿ ದಡಬಡಿಸಿ ಎದ್ದಳು. "ಅಯ್ಯೋ, ನಿಮಗೆ ಮರುಳಾ ಎಂತ? ಬಿದ್ರೆ?"

ಡ್ಯಾನಿಯಲ್ ಗುಂಡಿಯ ಪಕ್ಕಕ್ಕೆ ಬಂದು, ಕೋಲು ಬಿಟ್ಟು, ಹೆಂಡತಿಯ ಭುಜ ಹಿಡಿದುಕೊಂಡು ಮೆಲ್ಲ ಮಣ್ಣಿನ ಮೇಲೆ ಕೂತುಬಿಟ್ಟ. ಎಡಗೈಯಿಂದ ಬಲಗೈಯನ್ನು ಎತ್ತಿ ಗುಂಡಿಯಲ್ಲಿಟ್ಟ. ಆ ಕೈಯ ಬೆರಳುಗಳು ಮಣ್ಣಿನಲ್ಲಿ ತಡವರಿಸಿದವು, ಸ್ವಲ್ಪ ಕೆರೆದವು, ಸೋತವು. ಮತ್ತೆ ಕೆರೆದವು. ಪೆಟ್ರೋನಿಲ್ಲಾ ತಡೆಯಲಾಗದೆ ತಾನೂ ಕೈ ಹಾಕಹೋದಳು. ಅವನು ಬೇಡವೆಂದು ತಲೆಯಾಡಿಸಿದ. ಬೆರಳು ಒಳಗೆ, ಇನ್ನೂ ಒಳಗೆ ಹೋಯಿತು. ಕೊನೆಗೆ ಅವನು ಎಡಗೈಯಿಂದ ಎತ್ತಿ ಹಿಡಿದದ್ದು ಒಂದು ಸೌತೆಯ ಬೀಜ. ಅದಕ್ಕೆ ಬೆಳ್ಳಗೆ ಉದ್ದನೆಯ ಕುತ್ತಿಗೆ ಬಂದಿತ್ತು. ಮೇಲೆ ಬರಲು ದಾರಿ ಹುಡುಕಿ ಹುಡುಕಿ, ಸುರುಳಿ ಸುತ್ತಿ, ತುದಿಯಲ್ಲಿ ಕೊಳೆಯತೊಡಗಿತ್ತು.

"ನೋಡು. ಹುಟ್ಟಿದೆ" ಎಂದ. "ನೀನು… ಹೂತು ಹಾಕಿದ್ದಿ."

"ನವಿಲು ತಿನ್ನಬಾರ್ದು ಅಂತ…"

ಅವನು ತನ್ನ ಕಿರುಬೆರಳಿನ ಉಗುರು ತೋರಿಸಿದ. "ಇಷ್ಟೇ ಮಣ್ಣು. ಸಾಕು."

ಪೆಟ್ರೋನಿಲ್ಲಾ ಆ ಬಿಳಿ ಸುರುಳಿಯನ್ನು ಕೈಗೆ ತೆಗೆದುಕೊಂಡು ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖ ಬದಲಾಯಿತು.

"ಚೀನಿಕಾಯಿ ಬೀಜ ಕೂಡ ನಾನು ಹೀಗೇ ಹಾಕಿದ್ದು" ಎಂದಳು. "ಹಟ್ಟಿಯ ಹಿಂದೆ. ಬೆರಳು ಪೂರ್ತಿ ಊರಿ. ಕೋಳಿ ಕೆದಕಬಾರ್ದು ಅಂತ."

ಡ್ಯಾನಿಯಲ್ ತೋಡಿದ ಗುಂಡಿಯನ್ನೇ ನೋಡುತ್ತ, "ಅಮ್ಮ… ತೋಡಿ ನೋಡ್ಲಿಲ್ಲ" ಎಂದ. ಆಮೇಲೆ, "ನಾನೂ" ಎಂದ.

"ಇಷ್ಟು ವರ್ಷ!" ಎಂದಳು ಪೆಟ್ರೋನಿಲ್ಲಾ. ಅವಳ ಸ್ವರ ಏರಿತು. "ಇಷ್ಟು ವರ್ಷ ನನ್ನನ್ನು ಒಲೆಯ ಮುಂದೆ ಕೂರಿಸಿ ನೀವು ಇಲ್ಲಿ ಒಬ್ರೇ!" ಕೈಗೆ ಸಿಕ್ಕ ಮಣ್ಣಿನ ಹೆಂಟೆ ಎತ್ತಿ ಎಸೆದೇ ಬಿಟ್ಟಳು. ಅದು ಅವನ ಮೊಣಕಾಲಿಗೆ ಬಡಿದು ಪುಡಿಯಾಯಿತು. ಅವನು ಪುಡಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಭುಜ ಕುಲುಕಿ ನಗತೊಡಗಿದ. ಅವಳಿಗೆ ನಗುವ ಮನಸ್ಸೇ ಇರಲಿಲ್ಲ. ಆದರೂ ಹೊಟ್ಟೆಯೊಳಗಿಂದ ನಗು ಬಂತು, ನಗುವಿನ ಜೊತೆಗೆ ಕಣ್ಣೀರೂ ಬಂತು. ಅವಳು ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡಳು. ನೀತಾ ಯಾವ ಕಡೆ ನೋಡಬೇಕೆಂದು ತಿಳಿಯದೆ ಪಕ್ಕದ ಗದ್ದೆಯ ಬೆಂಡೆಗಿಡಗಳನ್ನು ನೋಡಿದಳು.

ಅವನನ್ನು ಎಬ್ಬಿಸಲು ಇಬ್ಬರೂ ಸಾಕಾಗಲಿಲ್ಲ. ಎಲ್ರೊಯ್ ಬರಬೇಕಾಯಿತು. ಮೂವರೂ ಸೇರಿ ಎತ್ತುವಾಗ ಇಗರ್ಜಿಯ ಸೀರೆಯ ಅಂಚಿನ ತುಂಬ ಮಣ್ಣು.

ಎರಡನೇ ಸಲದ ಬಿತ್ತನೆಗೆ ಇಬ್ಬರೂ ಹೋದರು. ಎಲ್ರೊಯ್ ಒಂದು ಗಿಡ್ಡ ಸ್ಟೂಲು ತಂದಿಟ್ಟು ಅಪ್ಪನನ್ನು ಕೂರಿಸಿ ಕೆಲಸಕ್ಕೆ ಹೋದ. ಪೆಟ್ರೋನಿಲ್ಲಾ ಮಣ್ಣು ಸಡಿಲಿಸಿ ಗಂಡನ ಎಡ ಅಂಗೈಗೆ ಬೀಜ ಸುರಿದಳು. ಅವನು ಬಲಗೈಯ ಹೆಬ್ಬೆರಳು ತೋರುಬೆರಳುಗಳನ್ನು ಹತ್ತಿರ ತರಲು ನೋಡಿದ. ಬೀಜ ಜಾರಿ ಬಿತ್ತು. ಮತ್ತೊಂದು ಹಿಡಿದ, ಅದೂ ಬಿತ್ತು, ಗುಂಡಿಯ ಹೊರಗೆ. ಅವಳು ಹೆಕ್ಕಿ ಮತ್ತೆ ಅವನ ಅಂಗೈಯಲ್ಲಿಟ್ಟಳು. ಅವಸರ ಮಾಡಲಿಲ್ಲ. ಅವನ ಹಣೆಯಲ್ಲಿ ಬೆವರು ಮೂಡಿತು. ಕೊನೆಗೆ ಒಂದು ಬೀಜ ಎರಡು ಬೆರಳುಗಳ ನಡುವೆ ನಿಂತು, ನಡುಗುತ್ತ ಹೋಗಿ, ಗುಂಡಿಯೊಳಗೆ ತಾನು ಬೀಳಬೇಕಾದಲ್ಲೇ ಬಿತ್ತು.

"ಹಾಂ!" ಎಂದ ಡ್ಯಾನಿಯಲ್, ದೊಡ್ಡ ಸ್ವರದಲ್ಲಿ.

ಪೆಟ್ರೋನಿಲ್ಲಾ ಚಿಟಿಕೆ ಮಣ್ಣು ಉದುರಿಸಿ ಮುಚ್ಚಿದಳು. "ಇಷ್ಟು ಸಾಕಾ?"

"ಸಾಕು."

"ಇನ್ನು ಸ್ವಲ್ಪ?"

"ಸಾಕು ಮಾರಾಯ್ತಿ!"

ಅವನು ಹಾಕಿದ್ದಕ್ಕಿಂತ ಅವಳು ಹಾಕಿದ್ದೇ ಹೆಚ್ಚು. ಬಿಸಿಲೇರುವವರೆಗೂ ಇಬ್ಬರೂ ಒಂದು ಗುಂಡಿಯಿಂದ ಇನ್ನೊಂದಕ್ಕೆ ಸ್ಟೂಲು ಸರಿಸುತ್ತ ಹೋದರು. ನಡುನಡುವೆ ಅವಳು ಮುಷ್ಟಿಯಲ್ಲಿ ಅಲಸಂಡೆ ಬೀಜ ಅಲ್ಲಾಡಿಸಿದಳು. ಅವನು ತಲೆಯೆತ್ತಿ ಅವಳನ್ನು ನೋಡಿದ. ಅವಳ ಮುಖವನ್ನು ಗದ್ದೆಯಲ್ಲಿ ಹಾಗೆ ನೋಡಿದ್ದು ಅವನಿಗೆ ಅದೇ ಮೊದಲು. ಗಂಜಿಯ ಜವಾಬ್ದಾರಿ ಆವತ್ತು ನೀತಾಳದ್ದು.

ಈ ಸಲ ವಾರ ಕಳೆಯುವ ಮೊದಲೇ ಮಣ್ಣು ಬಿರಿಯಿತು. ಬೀಜದ ಸಿಪ್ಪೆಯನ್ನು ಟೋಪಿಯಂತೆ ತಲೆಯ ಮೇಲೆ ಹೊತ್ತ ಸೌತೆಯ ಸಸಿಗಳು ಒಂದರ ಹಿಂದೊಂದು ಎದ್ದವು. ಪೆಟ್ರೋನಿಲ್ಲಾ ಮನೆಯವರೆಲ್ಲರನ್ನೂ ಕರೆದು ತೋರಿಸಿದಳು. ಗೇಟಿನ ಹತ್ತಿರ ಬಂದ ಮೀನಿನವನನ್ನೂ ಬಿಡಲಿಲ್ಲ.

ನವಿಲುಗಳೂ ಬಂದವು. ಅವನ್ನು ಓಡಿಸಲು ಗದ್ದೆಯ ಬದಿಯಲ್ಲಿ ತೆಂಗಿನ ಮಡಲಿನ ನೆರಳು ಕಟ್ಟಿ ಡ್ಯಾನಿಯಲ್‌ನ ಕುರ್ಚಿ ಹಾಕಿಸಿದರು. ಕೈಗೆ ಒಂದು ತಗಡಿನ ಡಬ್ಬಿ, ಒಂದು ಕೋಲು. ಎಡಗೈಯಲ್ಲಿ ಬಡಿಯುವುದು ಸುಲಭವಿತ್ತು. ಆದರೆ ಪೆಟ್ರೋನಿಲ್ಲಾ ಕೋಲನ್ನು ಅವನ ಬಲಗೈಗೇ ಕೊಟ್ಟು ಹೋಗುತ್ತಿದ್ದಳು. ಮೊದಮೊದಲು ಆ ಸದ್ದು ಅಡುಗೆಮನೆಗೂ ಕೇಳುತ್ತಿರಲಿಲ್ಲ. ಸೌತೆಬಳ್ಳಿಗಳು ಹರಡಿ ಹಳದಿ ಹೂ ಬಿಡುವ ಹೊತ್ತಿಗೆ ಅದು ಆಚೆ ಬದಿಯ ಮನೆಗಳಿಗೂ ಕೇಳುವಂತಾಗಿತ್ತು. ಹರಿಣಾಕ್ಷಿ ಬಂದು ಅವನ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿ, "ಹುಣಸೆಬೀಜ ಸರಿ ಹೆಕ್ಕಿದ್ದೀರಿ, ಅಲ್ವಾ?" ಎಂದು ಹೊಗಳಿದಳು. ಅವನು ಇಲ್ಲವೆನ್ನಲಿಲ್ಲ.

ಒಂದು ಸಂಜೆ ಅಲಸಂಡೆಗೆ ಹಬ್ಬಲು ಕೋಲು ನೆಟ್ಟು ಹಗ್ಗ ಕಟ್ಟುತ್ತಿದ್ದರು. ಅವನು ಹಿಡಿದುಕೊಳ್ಳಬೇಕು, ಅವಳು ಗಂಟು ಹಾಕಬೇಕು. ಅವನು ಬಿಗಿ ಇಲ್ಲ ಎಂದ. ಅವಳು ನಿಮ್ಮ ಹಿಡಿತವೇ ಸಡಿಲ ಎಂದಳು. ಅಷ್ಟರಲ್ಲಿ ಇಗರ್ಜಿಯಿಂದ ಆಮೊರಿಯ ಗಂಟೆ ಕೇಳಿತು. ಇಬ್ಬರೂ ಇದ್ದಲ್ಲೇ ನಿಂತು ಸಂಜೆಯ ಪ್ರಾರ್ಥನೆ ಹೇಳಿದರು. ಅವನ ಮಾತು ನಿಧಾನವಾದ್ದರಿಂದ ಅವಳು ಪ್ರತಿ ಸಾಲಿನ ಕೊನೆಯಲ್ಲಿ ಅವನಿಗಾಗಿ ಕಾದಳು. ಆಮೆನ್ ಆದ ಮೇಲೆ ಜಗಳ ಬಿಟ್ಟಲ್ಲಿಂದಲೇ ಮುಂದುವರಿಯಿತು.

ವಿಷುವಿನ ಮುಂಚಿನ ದಿನ ಸುಬ್ಬಲಕ್ಷ್ಮಿಯಮ್ಮ ಬುಟ್ಟಿ ಹಿಡಿದುಕೊಂಡು ಬಂದರು. ಅವರ ಗದ್ದೆಯಲ್ಲಿ ಸೌತೆ ಬೇಗನೇ ಆಗಿ ಮುಗಿದಿತ್ತು. ದೇವರ ಮುಂದೆ ಕಣಿಗೆ ಇಡಲು ಒಳ್ಳೆಯ ಹಣ್ಣು ಬಣ್ಣದ್ದು ಒಂದೂ ಉಳಿದಿರಲಿಲ್ಲ.

"ಒಂದು ಚಂದದ್ದು ಕೊಡಿ ಬಾಯಮ್ಮ. ನಾಳೆ ಬೆಳಿಗ್ಗೆ ಕಣ್ಣು ಬಿಟ್ಟ ಕೂಡ್ಲೇ ಕಾಣಬೇಕಾದ್ದು."

ಪೆಟ್ರೋನಿಲ್ಲಾ ಬಳ್ಳಿಗಳ ನಡುವೆ ಹುಡುಕಿ, ತಿರುಗಿಸಿ ತಿರುಗಿಸಿ ನೋಡಿ, ಹೊಂಬಣ್ಣಕ್ಕೆ ಬಂದ ಒಂದನ್ನು ಆರಿಸಿ ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಡ್ಯಾನಿಯಲ್ ಕತ್ತಿಯಿಂದ ತೊಟ್ಟು ಕೊಯ್ದ. ಸುಬ್ಬಲಕ್ಷ್ಮಿಯಮ್ಮ ಅದನ್ನು ಬುಟ್ಟಿಯಲ್ಲಿಟ್ಟು, "ಭಾರೀ ಒಳ್ಳೆ ತಳಿ. ಬೀಜಕ್ಕೆ ಒಂದು ಬಿಡಿ ಆಯ್ತಾ, ನಂಗೂ ಸ್ವಲ್ಪ ಬೇಕು" ಎಂದರು.

"ಕೊಡ್ತೇನೆ ಅಕ್ಕ, ಕೊಡದೆ ಎಂತ? ಆದ್ರೆ ಒಂದು ವಿಷಯ. ಬೀಜ ಆಳಕ್ಕೆ ಹಾಕ್ಬಾರ್ದು. ಸುಮಾರು ಜನರಿಗೆ ಅದು ಗೊತ್ತಿಲ್ಲ. ಉಗುರಿನಷ್ಟು ಮಣ್ಣು, ಅಷ್ಟೇ. ಮತ್ತೆ ನೀರು ಜಾಸ್ತಿ ಹಾಕ್ಲಿಕ್ಕಿಲ್ಲ."

ಸುಬ್ಬಲಕ್ಷ್ಮಿಯಮ್ಮ ಲಂಗ ಉಡುವ ವಯಸ್ಸಿನಿಂದ ಸೌತೆ ಹಾಕಿದವರು. ಅವರು ಪೆಟ್ರೋನಿಲ್ಲಾಳ ಮುಖ ನೋಡಿದರು. ಕೆನ್ನೆಯಲ್ಲಿ ಮಣ್ಣಿನ ಗೆರೆ, ಕಣ್ಣಲ್ಲಿ ಹೊಳಪು.

"ಹೌದಾ?" ಎಂದರು. "ಉಗುರಿನಷ್ಟಾ?"

"ಉಗುರಿನಷ್ಟೇ! ನವಿಲಿಗೆ ಕಾಣ್ತದೆ ಅಂತ ಹೆದರ್ಬೇಡಿ ನೀವು. ನವಿಲಿಗೆ ಬೇರೆ ಉಪಾಯ ಉಂಟು, ಹೇಳ್ತೇನೆ, ಬನ್ನಿ…"

ಡ್ಯಾನಿಯಲ್ ಅಷ್ಟರಲ್ಲಿ ಮಡಲಿನ ನೆರಳಿಗೆ ಮರಳಿ ಕೂತು ಮುಖ ಆಚೆ ತಿರುಗಿಸಿದ್ದ, ಅವನ ಭುಜ ಮಾತ್ರ ಅಲುಗುತ್ತಿತ್ತು. ಸುಬ್ಬಲಕ್ಷ್ಮಿಯಮ್ಮ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು, ಹಬ್ಬದ ಮುಂಚಿನ ದಿನದ ಸಾವಿರ ಕೆಲಸವನ್ನು ಮನೆಯಲ್ಲಿ ಬಿಟ್ಟು ಬಂದಿದ್ದರೂ, ಕಟ್ಟಪುಣಿಯ ಮೇಲೆ ನಿಂತು ಕೊನೆಯವರೆಗೆ ಕೇಳಿದರು.